ಅಡಿಕೆ ರೋಗ, ಮಂಡಿನೋವಿನ ಪಕ್ಕದಲ್ಲೇ ಪ್ರೋಗ್ರಾಮಿಂಗ್ ಪ್ರಶ್ನೆಗೂ ಒಂದು ಕಾಲಂ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಮಲೆನಾಡಿನ ಹುಡುಗ್ರು ಮನೇಲೇ ಕೂತು ಆ್ಯಪ್ ಮಾಡೋದು ಕಲೀಬಹುದು, ಒಂದು ಲ್ಯಾಪ್‌ಟಾಪು ಒಂದು ನೆಟ್ ಕನೆಕ್ಷನ್ ಇದ್ರೆ ಸಾಕು ಅಂತ ಬಂದಿತ್ತು. ಓದಿ ಖುಷಿನೂ ಆಯ್ತು, ಸ್ವಲ್ಪ ನಗುನೂ ಬಂತು. ಕಲಿಯೋದೇನೋ ಸರಿ ಸ್ವಾಮಿ, ಅರ್ಧದಲ್ಲಿ ಸಿಕ್ಕಾಕ್ಕೊಂಡಾಗ ಯಾರನ್ನ ಕೇಳೋದು? ಅದನ್ನ ಮಾತ್ರ ಯಾರೂ ಬರೆಯಲ್ಲ. ನಾನು 11 ವರ್ಷದಿಂದ ಚಿಕ್ಕಮಗಳೂರಲ್ಲಿ ಇದೇ ಕೆಲಸ ಮಾಡ್ತಿದೀನಿ, ಓದಿದ್ದು ಬಿಕಾಂ, ಒಂದು ಕಾಫಿ ಖರೀದಿ ಅಂಗಡೀಲಿ ಟ್ಯಾಲಿ ಎಂಟ್ರಿ ಮಾಡ್ತಾ ಮಾಡ್ತಾ ಪ್ರೋಗ್ರಾಮಿಂಗ್ ಕಲ್ತೋಳು. ಅಂಗಡಿಯವರಿಗೆ ಡೆಸ್ಕ್‌ಟಾಪ್ ಬಿಲ್ಲಿಂಗ್ ಸಾಫ್ಟ್‌ವೇರು, ತೋಟದ ಲೆಕ್ಕ ಬರೆಯೋ ರೈಟರ್‌ಗಳಿಗೆ ಮೊಬೈಲಲ್ಲಿ ಆಳಿನ ಹಾಜರಿ ಹಾಕೋ ಆ್ಯಪು, ಇಷ್ಟೇ ನನ್ನ ಲೋಕ. ಡೆಸ್ಕ್‌ಟಾಪ್‌ಗೆ ವಿನ್‌ಫಾರ್ಮ್ಸ್, ಅಂದ್ರೆ ಪ್ರೋಗ್ರಾಮಿನ ಸ್ಕ್ರೀನ್ ಕಟ್ಟೋ ಮೈಕ್ರೋಸಾಫ್ಟ್ ಸಲಕರಣೆ, ಅದು 2002ರಲ್ಲಿ ಬಂದಿದ್ದು, ಬೆಂಗಳೂರಿನ ಹುಡುಗ್ರಿಗೆ ಹೇಳಿದ್ರೆ ಅಯ್ಯೋ ಇನ್ನೂ ಅದರಲ್ಲೇ ಇದೀರಾ ಅಂತಾರೆ, ಇರ್ಲಿ, ಅಂಗಡಿ ಕಂಪ್ಯೂಟರ್ರೂ ಹಳೇದೇ. ಮೊಬೈಲ್‌ಗೆ ಅಂಥದ್ದೇ ಇನ್ನೊಂದು, ಫ್ಲಟರ್.

ಲೆಕ್ಕಾಚಾರದ ಕೋಡ್‌ನಲ್ಲಿ ತಪ್ಪಾದ್ರೆ ಹೇಗೋ ಹುಡುಕ್ಬಹುದು, ಎರಡಕ್ಕೆರಡು ಐದು ಅಂತ ಬಂದ್ರೆ ಗೊತ್ತಾಗುತ್ತಲ್ಲ. ಸ್ಕ್ರೀನಿನ ಸಮಸ್ಯೆ ಹಾಗಲ್ಲ. ನಮ್ಮ ಮನೇಲಿ ಸರಿ ಇರುತ್ತೆ, ಗಿರಾಕಿ ಅಂಗಡೀಲಿ ಸರಿ ಇರಲ್ಲ.

ಒಂದು ಹೇಳ್ತೀನಿ ಕೇಳಿ. ಅವತ್ತು ಡಿಸೆಂಬರ್ ಕೊನೆ, ಅರೇಬಿಕಾ ಕುಯ್ಲು ಜೋರು, ರೊಬಸ್ಟಾ ಇನ್ನೇನು ಶುರು, ಅಂಗಡಿ ಮುಂದೆ ಪಿಕಪ್ ಗಾಡಿಗಳ ಸಾಲು ನಿಂತಿದೆ. ಎಲೆಕ್ಟ್ರಾನಿಕ್ ಕಾಟಾದಿಂದ ಒಂದು ಕೇಬಲ್ ಕಂಪ್ಯೂಟರಿಗೆ ಬರುತ್ತೆ, ಮೂಟೆ ಇಟ್ಟು ಬಟನ್ ಒತ್ತಿದ್ರೆ ತೂಕ ತಾನೇ ಬಿಲ್‌ನಲ್ಲಿ ಬಂದು ಕೂರಬೇಕು, ಅದನ್ನ ಮಾಡಿ ಕೊಟ್ಟಿದ್ದು ನಾನೇ. ಮನೇಲಿ ಕಾಟಾ ಎಲ್ಲಿಂದ ತರ್ಲಿ, ಕಾಟಾದ ಥರ ನಾಟಕ ಮಾಡೋ ಒಂದು ಸಣ್ಣ ಪ್ರೋಗ್ರಾಂ ಬರ್ಕೊಂಡು ಟೆಸ್ಟ್ ಮಾಡಿದ್ದೆ, ಬಟನ್ ಒತ್ತಿದ ತಕ್ಷಣ ತೂಕ ಬರೋದು. ಅಂಗಡೀಲಿ ಮೂಟೆ ಇಟ್ಟು ಬಟನ್ ಒತ್ತಿದ್ರು, ಸ್ಕ್ರೀನ್ ಬೆಳ್ಳಗೆ ಮಂಕಾಯ್ತು, ಮೇಲ್ಗಡೆ ನಾಟ್ ರೆಸ್ಪಾಂಡಿಂಗ್ ಅಂತ ಬಂತು, ಮೌಸಿಗೂ ಬಗ್ಗಲ್ಲ ಕೀಬೋರ್ಡಿಗೂ ಬಗ್ಗಲ್ಲ. ಓನರ್ ಹತ್ತು ಜನರ ಎದುರು ಕೇಳಿದ್ರು, "ಏನಮ್ಮಾ ನಿನ್ನ ಪ್ರೋಗ್ರಾಮು, ಕಾಟಾ ಮೇಲೆ ಮೂಟೆ ಇಟ್ರೆ ಅದಕ್ಕೂ ಭಾರ ಆಗುತ್ತಾ?" ಎಲ್ರೂ ನಕ್ಕರು. ನಾನೂ ನಕ್ಕೆ, ಏನ್ ಮಾಡ್ಲಿ. ಆಮೇಲೆ ಒಂಬತ್ತು ದಿನ ಅವರು ಕೈಯಲ್ಲೇ ಬಿಲ್ ಬರೆದ್ರು.

ಆ ಒಂಬತ್ತು ದಿನ ನಾನು ಕೇಳದ ಜನ ಇಲ್ಲ. ಹಿಂದೆ ಕೋರ್ಸ್ ಮಾಡಿದ್ದ ಬೆಂಗಳೂರಿನ ಒಂದು ಟ್ರೈನಿಂಗ್ ಸೆಂಟರ್‌ಗೆ ಫೋನ್ ಮಾಡಿದ್ರೆ ಹೊಸ ಬ್ಯಾಚ್ ಸೋಮವಾರ ಶುರು, ಸೇರ್ಕೊಳ್ಳಿ ಅಂದ್ರು. ಕೊನೆಗೆ ದಾರಿ ತೋರಿಸಿದ್ದು ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡ್ತಿದ್ದೋರು, ವಿನ್‌ಫಾರ್ಮ್ಸ್ ಮುಖಾನೂ ನೋಡಿಲ್ಲ. ನಾನು ಲ್ಯಾಪ್‌ಟಾಪ್ ತೆಗೆದು ಕೋಡ್ ತೋರಿಸಕ್ಕೆ ಹೋದ್ರೆ, "ಕೋಡ್ ಆಮೇಲೆ ನೋಡೋಣ ಬಿಡಮ್ಮ. ಕಾಟಾ ತಂತಿ ಕಿತ್ತುಬಿಟ್ಟು ಬಟನ್ ಒತ್ತಿದ್ರೆ ಏನಾಗುತ್ತೆ? ತಂತಿ ಹಾಕಿ ಖಾಲಿ ಕಾಟಾ ಇದ್ರೆ? ಮೂಟೆ ಇಟ್ಟು ಅಲ್ಲಾಡಿಸ್ತಾ ಇದ್ರೆ?" ಅಂದ್ರು. ಈ ಮೂರು ಪ್ರಶ್ನೆ ನನಗೆ ಹೊಳೆದೇ ಇರ್ಲಿಲ್ಲ ನೋಡಿ. ಸಂಜೆ ಅಂಗಡಿಗೆ ಹೋಗಿ ಮಾಡಿ ನೋಡಿದೆ. ತಂತಿ ಕಿತ್ರೆ ಪೂರ್ತಿ ಹ್ಯಾಂಗ್. ಖಾಲಿ ಕಾಟಾ ಆದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಸೊನ್ನೆ. ಮೂಟೆ ಅಲ್ಲಾಡ್ತಿದ್ರೆ ಅದು ನಿಲ್ಲೋ ತನಕ ಹ್ಯಾಂಗ್, ನಿಂತ ಮೇಲೆ ಸರಿ. ಅಲ್ಲಿಗೆ ಗುಟ್ಟು ರಟ್ಟಾಯ್ತು. ಆ ಕಾಟಾ ತೂಕ ಸ್ಥಿರ ಆದ್ಮೇಲೆ ಮಾತ್ರ ಕಳಿಸೋದು, ನಾನು ಬರ್ದಿದ್ದ ರೀಡ್‌ಲೈನ್ ಅನ್ನೋ ಕಮಾಂಡು ಒಂದು ಸಾಲು ಪೂರ್ತಿ ಬರೋ ತನಕ ಅಲ್ಲೇ ನಿಂತು ಕಾಯುತ್ತೆ, ಇಷ್ಟು ಹೊತ್ತು ಕಾದ್ರೆ ಸಾಕು ಅಂತ ನಾವು ಹೇಳ್ದೇ ಇದ್ರೆ ಬೆಳಗಾಗೋ ತನಕ ಕಾಯುತ್ತೆ. ನಮ್ಮ ಆಳುಗಳಿಗೆ ಮೂಟೆ ಸ್ಥಿರ ಆಗೋ ತನಕ ನಿಲ್ಲೋ ತಾಳ್ಮೆ ಎಲ್ಲಿದೆ, ಒಂದು ಇಳಿಸಿ ಇನ್ನೊಂದು ಏರಿಸ್ತಾನೇ ಇರ್ತಾರೆ.

ಸ್ಕ್ರೀನ್ ಬರೆಯೋದು, ಕ್ಲಿಕ್ ಕೇಳಿಸ್ಕೊಳ್ಳೋದು, ಕೀಬೋರ್ಡ್ ನೋಡೋದು ಎಲ್ಲ ಒಬ್ಬನೇ ಆಳಿನ ಕೆಲಸ, ಅದಕ್ಕೆ ಯುಐ ಥ್ರೆಡ್ ಅಂತಾರೆ. ಅವನನ್ನ ಕಾಟಾ ಮುಂದೆ ಕಾಯಕ್ಕೆ ನಿಲ್ಲಿಸಿದ್ರೆ ಕೌಂಟರ್‌ನಲ್ಲಿ ಯಾರೂ ಇಲ್ಲ ಅಂತಾಯ್ತು. ಸರಿ, ಕಾಯೋ ಕೆಲಸನ ಬೇರೆ ಥ್ರೆಡ್‌ಗೆ ಹಾಕಿದೆ, ಇನ್ನೊಂದು ಕೆಂಪು ಎರರ್ ಬಂತು, ಕ್ರಾಸ್-ಥ್ರೆಡ್ ಆಪರೇಷನ್ ನಾಟ್ ವ್ಯಾಲಿಡ್. ಅಂದ್ರೆ ಹೊಸ ಆಳು ತೂಕ ಬರೆದ ಚೀಟಿ ತಂದು ಕೌಂಟರ್‌ನವನ ಕೈಗೆ ಕೊಡ್ಬೇಕೇ ಹೊರತು ತಾನೇ ಒಳಗೆ ನುಗ್ಗಿ ಬಿಲ್ ಬರೆಯಂಗಿಲ್ಲ. ಆ ಚೀಟಿ ಕೊಡೋ ಕೆಲಸಕ್ಕೆ ಬಿಗಿನ್‌ಇನ್‌ವೋಕ್ ಅಂತ ಇದೆ. ಒಟ್ಟು ನಾಲ್ಕು ಸಾಲು ಬದಲಾಯಿಸಿದ್ದು ಅಷ್ಟೇ. ಮೊಬೈಲಲ್ಲೂ ಇದೇ ಕಥೆ, ಆಂಡ್ರಾಯ್ಡ್‌ನಲ್ಲಿ ಟಚ್ ಮಾಡಿ 5 ಸೆಕೆಂಡ್ ಆದ್ರೂ ಆ್ಯಪ್ ಮಿಸುಕಾಡ್ಲಿಲ್ಲ ಅಂದ್ರೆ ಮುಚ್ಚಿಬಿಡ್ಲಾ ಅಂತ ಫೋನೇ ಕೇಳುತ್ತೆ, ಬಹಳ ಜನ ಅದನ್ನ ನೋಡಿ ಫೋನ್ ಹಾಳಾಯ್ತು ಅನ್ಕೋತಾರೆ.

ಇನ್ನು ಕನ್ನಡದ ವಿಷಯಕ್ಕೆ ಬರ್ತೀನಿ, ನಿಮಗೆ ಪತ್ರ ಬರೆಯೋಕೆ ನಿಜವಾದ ಕಾರಣ ಇದೇ. ಮೂಡಿಗೆರೆ ಕಡೆ ಒಂದು ತೋಟಕ್ಕೆ ಹಾಜರಿ ಆ್ಯಪ್ ಕೊಟ್ಟಿದ್ದೆ. ಒಂದು ವಾರ ಆದ್ಮೇಲೆ ರೈಟರ್ ಫೋನ್ ಮಾಡಿ, "ಮೇಡಂ, ನಿಮ್ಮ ಆ್ಯಪಲ್ಲಿ ಚಿಕ್ಕಮಗಳೂರಿಗೆ ಒತ್ತೇ ಇಲ್ವಲ್ಲ" ಅಂದ್ರು. ಫೋಟೋ ತರಿಸ್ಕೊಂಡು ನೋಡಿದ್ರೆ ಹೌದು, ಚಿಕಮಗಳೂರು ಅಂತಿದೆ. ಕೊಪ್ಪ ಕೊಪ ಆಗಿದೆ. ಮೂಡಿಗೆರೆ, ಹಾಸನ, ಸಕಲೇಶಪುರ ಎಲ್ಲ ಸರಿಯಾಗೇ ಇದೆ, ಯಾಕಂದ್ರೆ ಅವಕ್ಕೆ ಒತ್ತೇ ಬೇಡ. ಊರಿನ ಹೆಸರಾದ್ರೆ ಅಂದಾಜಲ್ಲಿ ಓದ್ಕೋಬಹುದು, ಆಳುಗಳ ಹೆಸರೂ ಹೀಗೇ ಆದ್ರೆ ಸಂಬಳ ಯಾರದ್ದು ಯಾರಿಗೆ ಹೋಗ್ಬೇಕು? ನನ್ನ ಫೋನಲ್ಲಿ ಮಾತ್ರ ಎಲ್ಲ ಚೆನ್ನಾಗೇ ಕಾಣ್ತಿದೆ.

ಇದನ್ನ ಸ್ಕ್ರೀನ್‌ಶಾಟ್ ಹಾಕಿ ನನಗೆ ಬರೋ ಇಂಗ್ಲಿಷಲ್ಲಿ ನೆಟ್‌ನಲ್ಲಿ ಕೇಳಿದೆ. ಯಾವುದೋ ದೇಶದ ಪುಣ್ಯಾತ್ಮ ಉತ್ತರ ಕೊಟ್ಟ, ನನಗೆ ಅಕ್ಷರ ಎಲ್ಲ ಸರಿಯಾಗೇ ಕಾಣ್ತಿದೆಯಲ್ಲ, ಏನು ತೊಂದರೆ ಅಂತ. ಅವನ ತಪ್ಪಲ್ಲ ಬಿಡಿ, ಕನ್ನಡ ಓದಕ್ಕೆ ಬರದೋನಿಗೆ ಕ ಕೆಳಗಿನ ಒತ್ತು ಹೋಗಿದೆ ಅಂತ ಹೇಗೆ ಗೊತ್ತಾಗ್ಬೇಕು, ಇದ್ದಿದ್ದೇ ಡಿಸೈನ್ ಅನ್ಕೊಂಡಿದಾನೆ. ಚೈನೀಸಲ್ಲಿ ಒಂದು ಗೆರೆ ಹೋದ್ರೆ ನನಗೆ ಗೊತ್ತಾಗುತ್ತಾ? ಪ್ರೋಗ್ರಾಮರ್‌ಗಳು ಜಾಸ್ತಿ ಪ್ರಶ್ನೆ ಕೇಳೋ ಸ್ಟಾಕ್ ಓವರ್‌ಫ್ಲೋ ಅನ್ನೋ ವೆಬ್‌ಸೈಟು 2008ರಿಂದ ಇದೆ, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನೀಸಲ್ಲೂ ಅದರದ್ದೇ ಬೇರೆ ಬೇರೆ ಇವೆ, ಕನ್ನಡದಲ್ಲಿಲ್ಲ.

ಆಮೇಲೆ ನಾನೇ ತಡಕಾಡಿ ಕಂಡ್ಕೊಂಡಿದ್ದು ಏನಂದ್ರೆ, ರೈಟರ್‌ಗೆ ವಯಸ್ಸಾಗಿದೆ, ಫೋನ್ ಸೆಟ್ಟಿಂಗಲ್ಲಿ ಅಕ್ಷರದ ಸೈಜ್ ದೊಡ್ಡದು ಮಾಡಿ ಇಟ್ಕೊಂಡಿದಾರೆ. ನಾನು ಹೆಸರಿನ ಡಬ್ಬಿಗೆ ಇಷ್ಟೇ ಎತ್ತರ ಅಂತ ಫಿಕ್ಸ್ ಮಾಡಿದೀನಿ, ಸಾಲದ್ದಕ್ಕೆ ಎಲ್ಲಿಂದಲೋ ಕಾಪಿ ಹೊಡೆದ ಟೆಕ್ಸ್ಟ್‌ಸ್ಟೈಲ್‌ನಲ್ಲಿ, ಅಂದ್ರೆ ಅಕ್ಷರ ಹೇಗೆ ಕಾಣ್ಬೇಕು ಅಂತ ಹೇಳೋ ಕೋಡ್‌ನಲ್ಲಿ, ಹೈಟ್ 1.0 ಅಂತ ಬೇರೆ ಇದೆ, ಅಂದ್ರೆ ಸಾಲಿನ ಎತ್ತರ ಅಕ್ಷರದ ಸೈಜಿನಷ್ಟೇ. ಇಂಗ್ಲಿಷಿಗೆ ಅದು ನಡೆಯುತ್ತೆ, ಅದರಲ್ಲಿ ಗೆರೆ ಕೆಳಗೆ ಇಳಿಯೋ ಅಕ್ಷರ ನಾಲ್ಕೈದು, ಅವೂ ಸ್ವಲ್ಪವೇ. ನಮ್ಮ ಒತ್ತಕ್ಷರ ಪೂರ್ತಿ ಇನ್ನೊಂದು ಅಕ್ಷರಾನೇ ಕೆಳಗೆ ಕೂರಿಸೋದು, ಜಾಗ ಬೇಡ್ವಾ? ಫಿಕ್ಸ್ ಎತ್ತರ ತೆಗ್ದೆ, ಆ 1.0 ತೆಗ್ದೆ, ಚಿಕ್ಕಮಗಳೂರು ವಾಪಸ್ ಬಂತು.

ಇದರ ತಮ್ಮ ಇನ್ನೊಂದಿದೆ. ಚಿಕ್ಕಮಗಳೂರು ಅಂತ ಬರೆದ್ರೆ ನಾವು ನೀವು ಎಣಿಸೋದು 6 ಅಕ್ಷರ. ಕಂಪ್ಯೂಟರ್ ಅಕ್ಷರ ಇಟ್ಕೊಳ್ಳೋ ಯೂನಿಕೋಡ್ ಲೆಕ್ಕದಲ್ಲಿ 11, ಚ ಬೇರೆ ಅದರ ಗುಡಿಸು ಬೇರೆ, ಕ್ಕ ಅನ್ನೋದೊಂದೇ ಮೂರು. ಜಾಗ ಇಲ್ಲ ಅಂತ ಮೊದಲ 4 ಮಾತ್ರ ತೋರಿಸು ಅಂದ್ರೆ ಪ್ರೋಗ್ರಾಂ ಚಿಕ್ಕಮಗ ಅಂತ ತೋರಿಸಲ್ಲ, ಚಿಕ್ ಅಂತ ಕತ್ತರಿಸಿ ಇಡುತ್ತೆ. ಇದನ್ನ ಯಾವ ಇಂಗ್ಲಿಷ್ ವಿಡಿಯೋದಲ್ಲಿ ಹೇಳ್ಕೊಡ್ತಾರೆ ಹೇಳಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ ಲಿಸ್ಟ್ ಮೊಬೈಲಿಗೆ ತಂದ್ರೆ ಬರೀ ಇಂಗ್ಲಿಷ್ ಗೀಚು ಕಾಣೋದು ಇನ್ನೊಂದು ದೊಡ್ಡ ಕಥೆ, ಇವತ್ತು ಬೇಡ.

ವಿಡಿಯೋ ಅಂದೆ ನೋಡಿ, ಅದೂ ಒಂದು ಗೋಳು. ಫ್ಲಟರ್ 1.0 ಬಂದಿದ್ದು 2018ರ ಡಿಸೆಂಬರಲ್ಲಿ, ಆಗಿನ ವಿಡಿಯೋಗಳಲ್ಲಿ ರೈಸ್ಡ್‌ಬಟನ್ ಅಂತ ಹಾಕ್ತಾರೆ, ಅದನ್ನ ಈಗ ತೆಗೆದೇ ಹಾಕಿ ಎಲಿವೇಟೆಡ್‌ಬಟನ್ ಮಾಡಿದಾರೆ, ಹೊಸದಾಗಿ ಕಲಿಯೋ ಹುಡುಗ ಅದನ್ನೇ ಟೈಪ್ ಮಾಡಿ ಎರರ್ ಬಂದು ನನಗೆ ತಲೆ ಇಲ್ಲ ಅಂತ ಕೈ ಬಿಡ್ತಾನೆ. ಹಾಸನದಲ್ಲಿ ನನ್ನ ಪರಿಚಯದವರೊಬ್ರು ಕಷ್ಟಪಟ್ಟು ಝಾಮರಿನ್ ಅನ್ನೋ ಆ್ಯಪ್ ಮಾಡೋ ಸಲಕರಣೆ ಕಲ್ತಿದ್ರು, 2024ರ ಮೇ 1ಕ್ಕೆ ಅದರ ಸಪೋರ್ಟೇ ನಿಂತೋಯ್ತು. ಎಐ ಕೇಳಿದ್ರೆ ಎಲ್ಲ ಹೇಳುತ್ತಲ್ಲ ಅಂತ ನೀವು ಅನ್ನಬಹುದು. ನಾನೂ ಕೇಳ್ತೀನಿ, ಎಷ್ಟೋ ಸಲ ಸರಿಯಾಗೇ ಹೇಳುತ್ತೆ. ಆದ್ರೆ ಹಳೇದು ಹೊಸದು ಕಲಸಿ ಕೊಟ್ಟಾಗ್ಲೂ ಅಷ್ಟೇ ಧೈರ್ಯವಾಗಿ ಕೊಡುತ್ತೆ, ಮತ್ತೆ ಕಾಟಾ ತಂತಿ ಕಿತ್ತು ನೋಡಿದ್ಯಾ ಅಂತ ನನ್ನನ್ನ ಅದು ಕೇಳ್ಲಿಲ್ಲ, ಮೇಷ್ಟ್ರು ಕೇಳಿದ್ರು.

ಕೇಳೋರದ್ದೂ ತಪ್ಪಿದೆ, ನಾನು ಮುಚ್ಚಿಡಲ್ಲ. ಈಗ ನನ್ನನ್ನ ಕೇಳೋ ಹುಡುಗ್ರು ವಾಟ್ಸಾಪಲ್ಲಿ ಕಳಿಸೋದು ಮಾನಿಟರಿನ ಫೋಟೋ, ಅದೂ ಓರೆ, ಟ್ಯೂಬ್‌ಲೈಟ್ ಬೆಳಕು ಸರಿಯಾಗಿ ಎರರ್ ಮೇಲೇ ಬಿದ್ದಿರುತ್ತೆ, ಕೆಳಗೆ "ಅಕ್ಕಾ ವರ್ಕ್ ಆಗ್ತಿಲ್ಲ" ಅಂತ ಒಂದು ಸಾಲು. ಗಿಡಕ್ಕೆ ರೋಗ ಬಂದ್ರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಯಾರಾದ್ರೂ ತೋಟ ಸರಿ ಇಲ್ಲ ಅಂತಾರಾ? ಎಲೆ ಕಿತ್ಕೊಂಡು ಹೋಗ್ತಾರೆ, ಕಾಯಿಕೊರಕ ಕೊರೆದ ಹಣ್ಣು ಕವರಲ್ಲಿ ಹಾಕ್ಕೊಂಡು ಹೋಗ್ತಾರೆ, ಯಾವ ತಳಿ, ಯಾವ ಔಷಧಿ ಯಾವಾಗ ಹೊಡೆದ್ವಿ ಹೇಳ್ತಾರೆ. ಇಲ್ಲೂ ಅಷ್ಟೇ. ಎರರ್‌ನ ಪೂರ್ತಿ ಸಾಲು ಕಾಪಿ ಮಾಡಿ ಕಳಿಸಿ, ಯಾವ ವರ್ಷನ್ ಹೇಳಿ, ಏನು ಒತ್ತಿದ್ರೆ ಏನಾಗ್ಬೇಕಿತ್ತು ಏನಾಯ್ತು ಹೇಳಿ, ಮತ್ತೆ ಸಾವಿರ ಸಾಲಿನ ಕೋಡ್ ಬೇಡ, ಆ ತೊಂದರೆ ಮಾತ್ರ ಉಳಿಯೋ ಹಾಗೆ ಕಡಿದು ಕಡಿದು ಇಪ್ಪತ್ತು ಸಾಲಿಗೆ ತನ್ನಿ. ಹಾಗೆ ಕಡಿಯೋವಾಗ್ಲೇ ಅರ್ಧ ಸಲ ಉತ್ತರ ಸಿಕ್ಕಿಬಿಡುತ್ತೆ. ಒಬ್ಬ ಹುಡುಗ ಫ್ಲಟರ್‌ನಲ್ಲಿ ಹಳದಿ ಕಪ್ಪು ಪಟ್ಟೆ ಬರ್ತಿದೆ, ಘಾಟಿ ತಿರುವಿನ ತಡೆಗಲ್ಲಿಗೆ ಬಳಿದ ಹಾಗಿದೆ ಅಕ್ಕಾ ಅಂದ, ನನಗೆ ಆ ಒಂದೇ ಮಾತು ಸಾಕಾಯ್ತು, ಜಾಗಕ್ಕಿಂತ ಸಾಮಾನು ಜಾಸ್ತಿ ತುಂಬಿದಾನೆ ಅಂತ. ಟೆಸ್ಟ್ ಮಾಡೋವಾಗ ಮಾತ್ರ ಆ ಪಟ್ಟೆ ಬರೋದು, ರಿಲೀಸ್ ಮಾಡಿದ ಆ್ಯಪಲ್ಲಿ ಪಟ್ಟೆ ಇಲ್ಲದೇ ಸುಮ್ನೆ ಕಟ್ ಆಗಿರುತ್ತೆ. ಪಟ್ಟೆ ಹೋಯ್ತು ಅಂತ ಅವನು ಸಿಹಿ ಹಂಚಕ್ಕೆ ಹೊರಟಿದ್ದ.

ನನ್ನ ಬೇಡಿಕೆ ಇಷ್ಟೇ. ನಿಮ್ಮ ಪೇಪರಲ್ಲಿ ಅಡಿಕೆ ಎಲೆಚುಕ್ಕಿಗೆ ಪ್ರಶ್ನೋತ್ತರ ಇದೆ, ಮಂಡಿನೋವಿಗೆ ಇದೆ, ಜಮೀನು ತಕರಾರಿಗೆ ವಕೀಲರು ಉತ್ತರ ಕೊಡ್ತಾರೆ. ವಾರಕ್ಕೊಂದು ಸಲ, ಅರ್ಧ ಕಾಲಂ ಸಾಕು, ಡೆಸ್ಕ್‌ಟಾಪ್ ಮೊಬೈಲ್ ಸ್ಕ್ರೀನ್ ಪ್ರೋಗ್ರಾಮಿಂಗ್ ಪ್ರಶ್ನೆಗೆ ಕೊಡಿ. ಪೇಪರಲ್ಲಿ ಕೋಡ್ ಹೇಗೆ ಹಾಕೋದು ಅಂತ ಯೋಚನೆ ಬೇಡ, ಮೇಲೆ ನಾನು ಹೇಳಿದ ಯಾವ ಕಥೆಗೂ ಒಂದು ಸಾಲು ಕೋಡ್ ಬೇಕಾಗ್ಲಿಲ್ಲ. ಉತ್ತರ ಕೊಡೋರು ಇಲ್ಲೇ ಇದಾರೆ, ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಅಲ್ಲಿ ಓದಿ ಹೋದೋರು ಎಲ್ಲೆಲ್ಲೋ ದೊಡ್ಡ ದೊಡ್ಡ ಕೆಲಸದಲ್ಲಿದಾರೆ, ನಿಮ್ಮ ಪೇಪರಲ್ಲಿ ಒಂದು ಸಲ ಕರೆದು ನೋಡಿ, ಊರ ಮೇಲಿನ ಅಭಿಮಾನಕ್ಕಾದ್ರೂ ವಾರಕ್ಕೊಂದು ಪ್ರಶ್ನೆ ನೋಡಲ್ವಾ? ಇಂಗ್ಲಿಷ್ ಹೆಸರುಗಳನ್ನ ಕನ್ನಡ ಮಾಡಿ ಮಾತ್ರ ತಲೆ ತಿನ್ನಬೇಡಿ, ಬಟನ್‌ನ ಗುಂಡಿ ಅಂತ ಬರೆದ್ರೆ ನಾವು ಕಾಫಿ ಗಿಡದ ಗುಂಡಿ ಅನ್ಕೋತೀವಿ.

ಮೊದಲನೇ ಪ್ರಶ್ನೆ ನಾನೇ ಕಳಿಸ್ತೀನಿ, ಬರ್ಕೊಳ್ಳಿ. ವಿನ್‌ಫಾರ್ಮ್ಸ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8, ವಿಂಡೋಸ್ 11, ಡಿಪಿಐ ಸೆಟ್ಟಿಂಗ್ ಪರ್‌ಮಾನಿಟರ್‌ವಿ2, ಅಂದ್ರೆ ಒಂದೊಂದು ಮಾನಿಟರಿಗೆ ತಕ್ಕ ಹಾಗೆ ಸೈಜ್ ಬದಲಾಗೋದು. ಲ್ಯಾಪ್‌ಟಾಪಲ್ಲಿ ಸ್ಕೇಲಿಂಗ್ 100 ಪರ್ಸೆಂಟ್, ಪಕ್ಕದ ದೊಡ್ಡ ಮಾನಿಟರಲ್ಲಿ 150. ಬಿಲ್ಲಿನ ಫಾರ್ಮ್‌ನ ಲ್ಯಾಪ್‌ಟಾಪಿಂದ ಮಾನಿಟರಿಗೆ ಎಳೆದ್ರೆ ಗ್ರಿಡ್‌ನ ಅಕ್ಷರ ದೊಡ್ಡದಾಗುತ್ತೆ, ಮೇಲಿನ ಹೆಡರ್ರೂ ದೊಡ್ಡದಾಗುತ್ತೆ, ಒಳಗಿನ ಸಾಲುಗಳು ಮಾತ್ರ ಹಳೇ ಎತ್ತರದಲ್ಲೇ ಉಳ್ಕೊಂಡು ಮತ್ತೆ ಅದೇ ಒತ್ತು ಕಟ್ ಆಗುತ್ತೆ. ಫಾರ್ಮ್ ಮುಚ್ಚಿ ಮಾನಿಟರಲ್ಲೇ ತೆಗೆದ್ರೆ ಸರಿ ಇರುತ್ತೆ. ಸಾಲಿನ ಎತ್ತರ ತಾನೇ ಹೊಂದಿಸೋ ಆಟೋಸೈಜ್ ಹಾಕಿ ನೋಡಿದೀನಿ, ಐನೂರು ಸಾಲು ದಾಟಿದ್ರೆ ಸ್ಕ್ರೀನ್ ಎಳೆದಾಡುತ್ತೆ. ಇಪ್ಪತ್ತು ಸಾಲಿನ ಸ್ಯಾಂಪಲ್ ರೆಡಿ ಇಟ್ಟಿದೀನಿ, ಕೇಳಿದವರಿಗೆ ಕಳಿಸ್ತೀನಿ.

ಇಂತಿ,
ನಿಮ್ಮ ಓದುಗಳು
ಚಿಕ್ಕಮಗಳೂರು