ಇ-ಪಬ್‌ನಿಂದ ಅಚ್ಚಿನ ಪಿಡಿಎಫ್: ಝೀಲೇಟೆಕ್ ಬಳಸೋಣ

ಬಳಗದವರೆಲ್ಲರಿಗೂ ನಮಸ್ಕಾರ. ನಮ್ಮ ಇ-ಪಬ್ ಪುಸ್ತಕಗಳನ್ನು (ಫೋನು, ಗಣಕದ ಪರದೆಯಲ್ಲಿ ಓದುವ ಇ-ಪುಸ್ತಕಗಳನ್ನು) ಶಿರಸಿಯಲ್ಲೇ ಅಚ್ಚು ಹಾಕಿಸುವುದೆಂದಾಯಿತು. ಪಿಡಿಎಫ್ ಮಾಡಲು ಕಡತದ ರೂಪ ಬದಲಿಸುವ ಪಾನ್‌ಡಾಕ್ ಮತ್ತು ಪುಟ ಜೋಡಿಸುವ ಝೀಲೇಟೆಕ್, ಈ ಎರಡು ತಂತ್ರಾಂಶಗಳ ಜೋಡಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇ-ಪಬ್‌ನ ಒಳಗಿರುವುದು ಎಚ್‌ಟಿಎಂಎಲ್ (ವೆಬ್ ಪುಟದ ರೂಪದ) ಕಡತಗಳ ಕಂತೆ. ಅದಕ್ಕೆ ಸಾಮಾನ್ಯವಾಗಿ ನಿಗದಿತ ಪುಟವೆಂಬುದೇ ಇಲ್ಲ. ಪಾನ್‌ಡಾಕ್ ಅದನ್ನು ಲೇಟೆಕ್‌ಗೆ, ಅಂದರೆ ಅಚ್ಚಿನ ಪುಟ ಜೋಡಿಸುವ ಟೆಕ್ ತಂತ್ರಾಂಶದ ರೂಪಕ್ಕೆ, ತಿರುಗಿಸಿಕೊಡುತ್ತದೆ. ಆದರೆ ನಾವೇನೂ ಹೇಳದಿದ್ದರೆ ಪಿಡಿಎಫ್ ಮಾಡಲು ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ ಬಳಸುತ್ತದೆ, ಅದರಲ್ಲಿ ಕನ್ನಡ ಮೂಡುವುದಿಲ್ಲ. ಹಾಗಾಗಿ ಎಂಜಿನ್ ಝೀಲೇಟೆಕ್, ಫಾಂಟ್ ನೋಟೋ ಸೆರಿಫ್ ಕನ್ನಡ ಎಂದು ಪಾನ್‌ಡಾಕ್‌ಗೆ ಕೊಡುವ ಆಜ್ಞೆಯಲ್ಲೇ ಬರೆಯಿರಿ. ಝೀಲೇಟೆಕ್ ಅಕ್ಷರಗಳನ್ನು ಕೂಡಿಸಿ ರೂಪಿಸುವ ಹಾರ್ಫ್‌ಬಜ್ ಬಳಸುವುದರಿಂದ ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂರುತ್ತವೆ. ಸಾಲಿನ ಕೊನೆಯಲ್ಲಿ ಕನ್ನಡ ಪದ ಒಡೆಯುವ ನಿಯಮಗಳೂ ಟೆಕ್‌ನಲ್ಲಿ ಸಿದ್ಧವಿವೆ. ಯಕ್ಷಗಾನ ಬರಹಗಳ ಉದ್ದುದ್ದ ಸಮಾಸಪದಗಳಿಗೆ ಇದು ಬೇಕೇ ಬೇಕು. ಇಲ್ಲವಾದರೆ ಪದಗಳ ನಡುವೆ ಹಲ್ಲುದುರಿದಂಥ ಖಾಲಿ ಜಾಗ ಬೀಳುತ್ತದೆ.

ವೆಬ್ ಪುಟದ ವಿನ್ಯಾಸ ಬರೆಯುವ ಸಿಎಸ್‌ಎಸ್ ಬಲ್ಲವರಿಗೆ, ಎಚ್‌ಟಿಎಂಎಲ್‌ನಿಂದ ನೇರ ಪಿಡಿಎಫ್ ಮಾಡುವ ವೀಸಿಪ್ರಿಂಟ್ ಸುಲಭ, ಅದೂ ಉಚಿತ. ಚಿತ್ರಗಳೇ ತುಂಬಿದ ಮಕ್ಕಳ ಪುಸ್ತಕವನ್ನು ಮಾತ್ರ ಪುಟ ವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಕೈಯಾರೆ ಜೋಡಿಸೋಣ.

ದಯವಿಟ್ಟು ಒಂದು ವಿಷಯ ಗಮನಿಸಿ: ಹಳೆಯ ನುಡಿ ಆಸ್ಕಿ ಕಡತಗಳನ್ನು (ಆ ಫಾಂಟಿದ್ದರಷ್ಟೇ ಕನ್ನಡ ಕಾಣುವಂಥವನ್ನು) ಮೊದಲು ಯೂನಿಕೋಡ್‌ಗೆ ಬದಲಿಸಿ, ಕಣ್ಣಿಟ್ಟು ಓದಿ. ಅಲ್ಲಿ ಉಳಿದ ತಪ್ಪನ್ನು ಯಾವ ತಂತ್ರಾಂಶವೂ ತಿದ್ದದು. ಪುಟದ ಅಳತೆ 5.5 × 8.5 ಇಂಚು, ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕಿ), ಫಾಂಟು ಪಿಡಿಎಫ್‌ನೊಳಗೇ ಅಡಕವಾಗಿರಬೇಕು. ಕಟ್ಟುವ ಬದಿಗೆ ಅಂಚು ಸ್ವಲ್ಪ ಹೆಚ್ಚು ಬಿಡಿ.

ಪ್ರತಿಯೊಬ್ಬರೂ ತಮ್ಮ ಪುಸ್ತಕದ ಒಂದು ಅಧ್ಯಾಯವನ್ನು ಹೀಗೆ ಮಾಡಿ, ಭಾನುವಾರದೊಳಗೆ ಗುಂಪಿಗೆ ಹಾಕಿ. ಗಣಕದಲ್ಲಿ ಅಳವಡಿಸಲು ಬಾರದವರು ನನಗೆ ಫೋನ್ ಮಾಡಿ, ಮನೆಗೇ ಬಂದು ಹಾಕಿಕೊಡುತ್ತೇನೆ.