ಇಟಲಿಯಾಗ ಕಾರ್ ಬಾಡಿಗಿ: ಗೆಳೆಯನಿಗೊಂದು ಪತ್ರ

ಹುಬ್ಬಳ್ಳಿ

ಪ್ರೀತಿಯ ದೋಸ್ತ,

ಮನಿಮಂದಿನ್ನ ಕರ್ಕೊಂಡು ಇಟಲಿಗೆ ಹೊಂಟೀಯಂತ ಕೇಳಿ ಭಾಳ ಖುಷಿ ಆತು. ಅಲ್ಲೇ ಕಾರ್ ಬಾಡಿಗಿ ತಗೊಂಡು ನೀನಽ ಓಡಸ್ತೀಯಂದ್ರ ಇನ್ನೂ ಚಲೋ, ಟಸ್ಕನಿ ಹಳ್ಳಿಗಳನ್ನ ನೋಡಾಕ ಅದಽ ಸರಿಯಾದ ದಾರಿ. ಆದ್ರ ರೊಕ್ಕ ಎಲ್ಲೆಲ್ಲಿ ಸೋರತೈತಿ ಅನ್ನೂದು ಮೊದಲಽ ಗೊತ್ತಿರಬೇಕು.

ಮೊದಲ ಕೆಲಸ ಆರ್‌ಟಿಒದ್ದು. ನಮ್ಮ ಲೈಸನ್ಸ್ ಒಂದಽ ಅಲ್ಲಿ ಸಾಲೂದಿಲ್ಲ, ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ಫಾರ್ಮ್ 4ಎ ತುಂಬು, ಫೀ 1000 ರೂಪಾಯಿ. ಒಂದ ವರ್ಷ ನಡೀತೈತಿ, ಆಮ್ಯಾಲ ಹೊಸದಽ ಮಾಡಿಸ್ಬೇಕು. ಜೋಡಿ ಮೂಲ ಲೈಸನ್ಸ್ ಕಾರ್ಡೂ ಒಯ್ಯಿ. ಮೊಬೈಲಿನ ಡಿಜಿಲಾಕರ್ ನಂಬಿ ಹೋಗಬ್ಯಾಡ.

ಗಾಡಿ ಓಡ್ಸಾವರ ಹೆಸರಿನ್ಯಾಗಽ ಕ್ರೆಡಿಟ್ ಕಾರ್ಡ್ ಇರಬೇಕು. ಬುಕಿಂಗ್ ನಿಂದು, ಕಾರ್ಡ್ ವೈನಿದು ಅಂದ್ರ ಕೀಲಿ ಸಿಗೂದಿಲ್ಲ. ಡೆಬಿಟ್ ಕಾರ್ಡ್ ಭಾಳ ಕಡೆ ನಡಿಯೂದಿಲ್ಲ. ಠೇವಣಿ ಅಂತ ನೂರಾರು ಯೂರೋ, ಕೆಲವು ಸಲ ಸಾವಿರದ ಮ್ಯಾಲೂ ಹಿಡದಿಡ್ತಾರ. ಅದಕ್ಕ ಬ್ಯಾಂಕಿನ ಆ್ಯಪ್‌ನ್ಯಾಗ ವಿದೇಶಿ ಬಳಕಿ ಚಾಲೂ ಮಾಡು, ಲಿಮಿಟ್ ಖಾಲಿ ಇಟ್ಕೊ. ಮಷೀನು ರೂಪಾಯೋ ಯೂರೋನೋ ಅಂತ ಕೇಳಿದ್ರ ಯೂರೋ ಒತ್ತು. ರೂಪಾಯಿ ಒತ್ತಿದ್ರ ದರದಾಗ ಹೊಡತ ಬೀಳತೈತಿ.

ವಿಮಾ ಮಾತು ಬಂದಾಗ 'ಫ್ರಾಂಕೀಜಾ' ಎಷ್ಟು ಅಂತ ಕೇಳು. ಡಿಕ್ಕಿ, ಕಳವಿಗೆ ವಿಮಾ ಇದ್ರೂ ಅಷ್ಟು ಮೊತ್ತದ ತನಕ ನೀನಽ ತುಂಬಬೇಕು. ಗಾಜು, ಟೈರು, ಗಾಡಿ ತಳಾ ಹೆಚ್ಚಾಗಿ ವಿಮಾದ ಹೊರಗಽ ಇರತಾವ.

ಕೀಲಿ ಸಿಕ್ಕ ಕೂಡ್ಲೇ ಹತ್ತಬ್ಯಾಡ. ಸುತ್ತ ನಿಧಾನಕ್ಕ ವಿಡಿಯೋ ಮಾಡು. ರಿಮ್ಮಿನ ಅಂಚಿನ ಮ್ಯಾಲ ಬೆರಳಾಡ್ಸು, ಫುಟ್‌ಪಾತಿಗೆ ಉಜ್ಜಿದ ಗೀರು ಕಣ್ಣಿಗಿಂತ ಮೊದಲ ಬೆರಳಿಗೆ ಹತ್ತತೈತಿ. ಬಗ್ಗಿ ಬಂಪರಿನ ಕೆಳಗ ನೋಡು. ಇದ್ದ ಗೀರೆಲ್ಲಾ ಅವರ ಕಾಗದದಾಗ ಬರಸೇ ಹೊರಗ ಬಾ.

ಸ್ಟೇರಿಂಗ್ ಎಡಕ್ಕ, ಗೇರು ಬಲಗೈಗೆ. ಆಟೊಮ್ಯಾಟಿಕ್ ಬೇಕಂದ್ರ ಬುಕ್ ಮಾಡುವಾಗಽ ಹೇಳು, ತುಟ್ಟಿ ಆದ್ರೂ ನಿನಗ ಅದಽ ಛಲೋ. ಇಂಡಿಕೇಟರ್ ಎಡಗೈ ಕಡೆ ಇರತೈತಿ, ನಮ್ಮ ಹುಬ್ಬಳ್ಳಿ ಗಬ್ಬೂರ ಬೈಪಾಸಿನ ರೂಢಿಮ್ಯಾಲ ಬಲಗೈ ಎಳದ್ರ ವೈಪರ್ ಆಡತೈತಿ. ನೀ ಕುಂತ ಮಗ್ಗಲು ಯಾವಾಗ್ಲೂ ರಸ್ತಾದ ನಡುಗೆರಿ ಕಡೆ ಇರಲಿ. ಸರ್ಕಲ್ ಎಡಮುರಿ, ಅಂದ್ರ ಗಡಿಯಾರದ ಮುಳ್ಳಿನ ಉಲ್ಟಾ, ಸುತ್ತಬೇಕು.

ಎಲ್ಲಾಕ್ಕಿಂತ ದೊಡ್ಡ ಪೆಟ್ಟು ಝಡ್‌ಟಿಎಲ್, ಅಂದ್ರ ಗಾಡಿ ಓಡಾಟಕ್ಕ ನಿರ್ಬಂಧ ಇರೋ ಭಾಗ. ಫ್ಲಾರೆನ್ಸ್, ರೋಮ್, ಪೀಸಾದಂಥ ಹಳೇ ಊರಿನ ನಡುಭಾಗಕ್ಕ ಹೊರಗಿನ ಗಾಡಿ ಬಿಡೂದಿಲ್ಲ. ಬಿಳಿ ಬಿಲ್ಲೆ, ಸುತ್ತ ಕೆಂಪು ಬಳಿ, ಅದಽ ಗುರುತು. 'ವಾರ್ಕೊ ಆತ್ತೀವೊ' (ನಿರ್ಬಂಧ ಚಾಲೂ ಐತಿ) ಅಂತ ದೀಪ ಹತ್ತಿದ್ರ ಒಳಗ ಹೋಗಬ್ಯಾಡ. ಗೇಟು, ಪೊಲೀಸರು ಯಾರೂ ಇರೂದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡೀತೈತಿ. ತಿಂಗಳಗಟ್ಟಲೆ ಆದ ಮ್ಯಾಲ ದಂಡ ಬರತೈತಿ, ನಿನ್ನ ವಿಳಾಸ ಕೊಟ್ಟಿದ್ದಕ್ಕ ಬಾಡಿಗಿಯವ್ರು ಬ್ಯಾರೇ ಶುಲ್ಕ ಹಚ್ತಾರ.  ಮ್ಯಾಪ್ ಹೇಳಿತಂತ ಹೊಳ್ಳಬ್ಯಾಡ. ಹೋಟೆಲ್ ಒಳಗಽ ಇದ್ರ ಮೊದಲಽ ಅವರಿಗೆ ಗಾಡಿ ನಂಬರ್ ಕೊಟ್ಟು ನೋಂದಣಿ ಮಾಡ್ಸು. ಪಾರ್ಕಿಂಗಿಗೆ ನೀಲಿ ಗೆರಿ ಅಂದ್ರ ರೊಕ್ಕ, ಹಳದಿ ಅಂದ್ರ ಬ್ಯಾರೇಯವ್ರಿಗೆ ಮೀಸಲು.

ಆಟೋಸ್ಟ್ರಾಡಾ, ಅಂದ್ರ ಅಲ್ಲಿನ ಎಕ್ಸ್‌ಪ್ರೆಸ್‌ವೇದಾಗ, ವೇಗದ ಮಿತಿ ತಾಸಿಗೆ 130 ಕಿ.ಮೀ., ಮಳಿ ಇದ್ರ 110. ಟೋಲಿನ್ಯಾಗ ಟೆಲಿಪಾಸಿನ (ನಮ್ಮ ಫಾಸ್ಟ್ಯಾಗ್ ಇದ್ದಂಗ) ಹಳದಿ ಸಾಲಿಗೆ ಹೋಗಬ್ಯಾಡ.

ಇನ್ನ ಎಣ್ಣಿ. ಅಲ್ಲಿ 'ಗಾಸೋಲಿಯೊ' ಅಂದ್ರ ಡೀಸೆಲ್, 'ಬೆನ್ಝೀನಾ' ಅಂದ್ರ ಪೆಟ್ರೋಲ್. ಮುಚ್ಚಳದ ಒಳಗ ಚೀಟಿ ನೋಡು: ದುಂಡಗಿನ ಗುರುತಿನ್ಯಾಗ ಇ5 ಇಲ್ಲಾ ಇ10 ಇದ್ರ ಪೆಟ್ರೋಲ್, ಚೌಕಿನ್ಯಾಗ ಬಿ7 ಇದ್ರ ಡೀಸೆಲ್. ತಪ್ಪು ತುಂಬಿಸಿದಿ ಅಂತ ಗೊತ್ತಾದ್ರ ಕೀಲಿ ತಿರುವಲೇಬ್ಯಾಡ. ಚಾಲೂ ಮಾಡಿದ್ರ ಅದು ಎಂಜಿನ್ ತನಕ ಹೋಗತೈತಿ.

ಗಾಡಿ ತಿರುಗಿ ಕೊಡೂದು ಹಗಲೊತ್ತಿನ್ಯಾಗ ಇರಲಿ. ರಾತ್ರಿ ಬಾಡಿಗಿ ಆಫೀಸಿನ ಡಬ್ಬಿಯಾಗ ಕೀಲಿ ಹಾಕಿ ಬಂದ್ರ, ಮುಂಜಾನೆ ಅವರು ನೋಡೂ ತನಕ ಆಗೂ ಗೀರೂ ನಿನ್ನ ಲೆಕ್ಕಕ್ಕಽ. ಮೀಟರು, ಎಣ್ಣಿ ಮುಳ್ಳು ಎರಡೂ ಫೋಟೋದಾಗ ಬರಲಿ. ಕಡೀಗೆ ಎಣ್ಣಿ ತುಂಬಿಸಿದ ರಸೀದಿ ಒಗೀಬ್ಯಾಡ, ಠೇವಣಿ ವಾಪಸ್ ಬರೂ ತನಕ ಇಟ್ಕೊ.

ಬುಕಿಂಗ್ ಕಾಗದ ಬಂದ ಮ್ಯಾಲ ನನಗ ಕಳ್ಸು, ಫ್ರಾಂಕೀಜಾದ ಅಂಕಿ ಒಮ್ಮಿ ಇಬ್ರೂ ಕೂತು ನೋಡೂಣು.

ನಿನ್ನ ಗೆಳೆಯ