ಬೋಗಾದಿ ಸೈಟು ಸದ್ಯಕ್ಕೆ ಮಾರಬೇಡ

ಡೇಟೋನಾ ಬೀಚ್
2 ಡಿಸೆಂಬರ್ 2024

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರ, ಅಮ್ಮನಿಗೆ ಸಾಷ್ಟಾಂಗ. ಇಲ್ಲಿ ಎಲ್ಲ ಕ್ಷೇಮ.

ನಿನ್ನ ಕಾಗದ ಓದಿದ ಮೇಲೆ ಬೇರೆ ಸುದ್ದಿ ಬರೆಯುವ ಮನಸ್ಸೇ ಇಲ್ಲ. ಪುಟ್ಟಿ ಪಿಯುಸಿ ಮುಗಿಸಿದ ಕೂಡಲೇ ಗಾಲ್ಫಿನಲ್ಲಿ ಪ್ರೊ, ಅಂದರೆ ದುಡ್ಡಿಗೆ ಆಡುವ ವೃತ್ತಿಪರ ಆಟಗಾರ್ತಿ ಆಗುವುದು, ಬೋಗಾದಿ ಸೈಟು ಮಾರಿ ಅಮೆರಿಕದಲ್ಲಿ ಒಂದು ಸೀಸನ್ ಆಡಿಸುವುದು, ನೀನೇ ಅವಳ ಬ್ಯಾಗ್ ಹೊರುವ ಕ್ಯಾಡಿಯಾಗಿ ಬರುವುದು. ಮೂರನ್ನೂ ಒಂದೇ ಉಸಿರಿಗೆ ಬರೆದುಬಿಟ್ಟಿದ್ದೀಯ. ಹುಡುಗಿ ಆಡಬಾರದು ಅಂತ ನಾನು ಹೇಳುತ್ತಿಲ್ಲ, ಗಾಬರಿ ಬೇಡ. ಸೈಟಿನ ಮಾತು ಮಾತ್ರ ಈಗ ಬೇಡ. ಯಾಕೆ ಅಂತ ಲೆಕ್ಕ ಸಮೇತ ಬರೆಯುತ್ತೇನೆ, ಅತ್ತಿಗೆಗೂ ಓದಿ ಹೇಳು.

ನೀನು ನೋಡಿ ಮರುಳಾಗಿದ್ದು ಇಲ್ಲಿನ ಮಹಿಳೆಯರ ಎಲ್‌ಪಿಜಿಎ ಟೂರ್‌ನ ಕೊನೇ ಟೂರ್ನಿ, ಫ್ಲಾರಿಡಾದ ನೇಪಲ್ಸ್‌ನಲ್ಲಿ ನಡೆದದ್ದು. ಥಾಯ್ಲೆಂಡಿನ ಜೀನೋ ಥಿಟಿಕುಲ್ 17ನೇ ಹೋಲ್‌ನಲ್ಲಿ ಈಗಲ್ (ನಿಗದಿಗಿಂತ ಎರಡು ಹೊಡೆತ ಕಮ್ಮಿ), 18ರಲ್ಲಿ ಬರ್ಡಿ (ಒಂದು ಕಮ್ಮಿ) ಹೊಡೆದು, ಏಂಜೆಲ್ ಯಿನ್‌ಗಿಂತ ಒಂದೇ ಹೊಡೆತ ಮುಂದೆ ನಿಂತು 40 ಲಕ್ಷ ಡಾಲರ್ ಗೆದ್ದಳು. ನಮ್ಮ ದುಡ್ಡಲ್ಲಿ 33 ಕೋಟಿಗೂ ಮೇಲೆ. ಅಲ್ಲಿ ಕೊನೆಯವಳಿಗೂ 55,000 ಡಾಲರ್ ಇತ್ತು. ಆದರೆ ಒಳಗೆ ಬಿಟ್ಟಿದ್ದು ವರ್ಷವಿಡೀ ಅಂಕ ಕೂಡಿಸಿದ 60 ಜನರನ್ನು ಮಾತ್ರ. ಅದು ಮದುವೆಮನೆ ಊಟ ಅಣ್ಣ, ದಿನದ ಅಡುಗೆ ಅಲ್ಲ.

ದಿನದ ಅಡುಗೆ ಹೀಗಿರುತ್ತೆ. 30 ಲಕ್ಷ ಡಾಲರ್ ಬಹುಮಾನದ ಒಂದು ವಾರ ಅಂತ ಇಟ್ಟುಕೋ. 144 ಜನ ಆಡುತ್ತಾರೆ. ಗೆದ್ದವಳಿಗೆ ಶೇ. 15, ಅಂದರೆ 4,50,000. ಗುರುವಾರ, ಶುಕ್ರವಾರ ಎರಡು ಸುತ್ತು ಆದ ಮೇಲೆ ಕಟ್. ಮೊದಲ 65 ಸ್ಥಾನ, ಜೊತೆಗೆ ಅದೇ ಸ್ಕೋರಿನವರು ಉಳಿಯುತ್ತಾರೆ. ಮಿಕ್ಕವರಿಗೆ ಬಿಡಿಗಾಸೂ ಇಲ್ಲ. ಕಟ್ ದಾಟಿ ಅರವತ್ತರ ಆಸುಪಾಸಿನಲ್ಲಿ ಮುಗಿಸಿದವಳಿಗೆ ಏಳೆಂಟು ಸಾವಿರ ಡಾಲರ್. 7,500 ಅಂತಲೇ ಹಿಡಿ. ವಿದೇಶಿ ಆಟಗಾರ್ತಿ ಆದ್ದರಿಂದ ತೆರಿಗೆ ಅಂತ ಶೇ. 30 ಮೊದಲೇ ಹಿಡಿಯುತ್ತಾರೆ, 2,250 ಹೋಯಿತು. ಕ್ಯಾಡಿಗೆ ವಾರದ ಕೂಲಿ 1,500, ಮೇಲೆ ಗಳಿಕೆಯಲ್ಲಿ ಶೇ. 7, ಒಟ್ಟು 2,025. ವಿಮಾನ, ಕಾರು, ರೂಮು, ಊಟ ಎಷ್ಟು ಹಿಡಿತ ಮಾಡಿದರೂ 2,000. ಕೈಗೆ ಉಳಿದದ್ದು 1,225. ಕಟ್ ತಪ್ಪಿದ ವಾರ ಅದೇ ಕೂಲಿ, ಅದೇ ರೂಮು, 3,500 ಕೈಯಿಂದ. ಮೂರು ವಾರ ದಾಟಿದ್ದು ಒಂದು ವಾರ ತಪ್ಪಿದ್ದಕ್ಕೆ ಸರಿ ಹೋಯಿತು.

25 ವಾರ ಆಡಿ 12ರಲ್ಲಿ ಹೀಗೆ ದಾಟಿದರೆ ವರ್ಷದ ಕೊನೆಗೆ ಹೆಚ್ಚುಕಡಿಮೆ 31,000 ಡಾಲರ್ ನಷ್ಟ, ಅಂದರೆ 26 ಲಕ್ಷ ರೂಪಾಯಿ. ರಿಟರ್ನ್ ಹಾಕಿ ಖರ್ಚು ತೋರಿಸಿದರೆ ಹಿಡಿದ ತೆರಿಗೆಯಲ್ಲಿ ಒಂದಷ್ಟು ವಾಪಸ್ ಬರುತ್ತೆ, ಅದು ಮುಂದಿನ ವರ್ಷದ ಮಾತು. ಕೋಚು, ಫಿಸಿಯೊ ನಾನಿನ್ನೂ ಸೇರಿಸಿಲ್ಲ.

ಇಷ್ಟೆಲ್ಲ ಕಾರ್ಡ್, ಅಂದರೆ ಟೂರ್‌ನಲ್ಲಿ ಆಡುವ ಹಕ್ಕು ಸಿಕ್ಕಿದ ಮೇಲಿನ ಮಾತು. ಕಾರ್ಡ್ ಸಿಗಲು ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಹಂತ, ಅಕ್ಟೋಬರಿನಲ್ಲಿ ಇಲ್ಲೇ ಫ್ಲಾರಿಡಾದಲ್ಲಿ ಎರಡನೇದು. ಕೊನೆಯದು ಅಲಬಾಮಾದ ಮೊಬೈಲ್ ಊರಿನಲ್ಲಿ ಇದೇ ಗುರುವಾರ ಶುರು. 5 ಸುತ್ತು, 90 ಹೋಲ್, ಮೊದಲ 25 ಸ್ಥಾನದವರಿಗೆ ಕಾರ್ಡ್. ಒಂದೊಂದು ಹಂತಕ್ಕೂ ಶುಲ್ಕ ಬೇರೆ ಕಟ್ಟಬೇಕು. ಕಾರ್ಡ್ ಬಂತು ಅಂದರೆ ಎಲ್ಲ ಟೂರ್ನಿಗೂ ಕರೆ ಬರುತ್ತೆ ಅಂದುಕೊಳ್ಳಬೇಡ. ಆದ್ಯತಾ ಪಟ್ಟಿಯಲ್ಲಿ ಹೊಸಬರು ಕೆಳಗಿರುತ್ತಾರೆ. ಸೀಸನ್ ನಡುವೆ ಆವರೆಗಿನ ಅಂಕ ನೋಡಿ ಪಟ್ಟಿ ಕಲಸಿ ಮತ್ತೆ ಜೋಡಿಸುತ್ತಾರೆ, ಅಷ್ಟರಲ್ಲಿ ಮೇಲೆ ಬರದಿದ್ದರೆ ಬೇಸಿಗೆಯೆಲ್ಲ ಕಾಯುವುದೇ. ಥಾಯ್ಲೆಂಡ್, ಸಿಂಗಪುರದಂಥ ಕಡೆ ಕಟ್ ಇಲ್ಲ, ಆಡಿದವರಿಗೆಲ್ಲ ದುಡ್ಡು. ಆದರೆ ಅಲ್ಲಿ ಸೀಟೂ ಕಮ್ಮಿ, ಹೊಸಬರಿಗೆ ಸಿಗುವುದು ಕಷ್ಟ. ವರ್ಷದ ಕೊನೆಗೆ ಮೊದಲ ನೂರರೊಳಗೆ ಇಲ್ಲದಿದ್ದರೆ ಮತ್ತೆ ಮೊಬೈಲ್ ಊರಿನ ದಾರಿ.

ಚೆನ್ನಾಗಿ ಆಡಿದರೆ ದುಡ್ಡು ತಾನಾಗಿ ಬರುತ್ತೆ ಅಂದಿದ್ದೀಯಲ್ಲ, ಅಮೆರಿಕದ ನೆಲ್ಲಿ ಕೋರ್ಡಾ ಕಥೆ ಕೇಳು. ಈ ವರ್ಷ ಸತತ ಐದು ಟೂರ್ನಿ ಗೆದ್ದಳು, ಒಟ್ಟು ಏಳು. ಅದೇ ನೆಲ್ಲಿ ಲ್ಯಾಂಕಸ್ಟರ್‌ನ ಯು.ಎಸ್. ವಿಮೆನ್ಸ್ ಓಪನ್‌ನಲ್ಲಿ 12ನೇ ಹೋಲ್ ಮುಂದೆ ನಿಂತಳು. ಬರೀ ಪಾರ್-3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು. ಮೊದಲ ಹೊಡೆತ ಗ್ರೀನ್ (ಗುಳಿಯ ಸುತ್ತಲ ನುಣುಪು ಹುಲ್ಲು) ಹಿಂದಿನ ಬಂಕರ್‌ಗೆ, ಮರಳು ಗುಂಡಿಗೆ ಬಿತ್ತು. ಅಲ್ಲಿಂದ ಎತ್ತಿದ ಚೆಂಡು ಇಳಿಜಾರಿನ ಗ್ರೀನ್ ಪೂರ್ತಿ ಉರುಳಿ ಮುಂದಿನ ತೊರೆಗೆ. ತೊರೆಯ ಈಚೆ ದಂಡೆಯಿಂದ ಮೆಲ್ಲಗೆ ಎತ್ತಿ ಹೊಡೆದದ್ದು ಮತ್ತೆರಡು ಸಲ ಜಾರಿ ನೀರಿಗೇ ಬಂತು. ಮೂರು ಚೆಂಡು ನೀರಲ್ಲಿ, ಆ ಒಂದು ಹೋಲ್‌ಗೆ 10, ದಿನಕ್ಕೆ 80. ಆ ಟೂರ್ನಿ ಸೇರಿ ಸಾಲಾಗಿ ಮೂರು ಕಟ್ ತಪ್ಪಿತು. ಅವಳಿಗೆ ಹಿಂದಿನ ಗೆಲುವಿನ ದುಡ್ಡಿತ್ತು, ತಡೆದುಕೊಂಡಳು. ನಮಗೆ ಮೂರು ಕಟ್ ಅಂದರೆ 10,500 ಡಾಲರ್.

ಇನ್ನು ನಿನ್ನ ಕ್ಯಾಡಿ ಕೆಲಸ. ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ರಿಯೋ ಒಲಿಂಪಿಕ್ಸ್‌ನಲ್ಲಿ ಅಪ್ಪ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಮ್ಮ ಬ್ಯಾಗ್ ಹೊತ್ತಿದ್ದು ನಿಜ, ಟೋಕಿಯೋದಲ್ಲಿ ಅವಳಿಗೆ ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಆದರೆ ನಿನ್ನ ಮಂಡಿ? ಟೂರ್ನಿ ಬ್ಯಾಗು ತುಂಬಿದರೆ 20 ಕೆಜಿ ಹತ್ತಿರ, 18 ಹೋಲ್ ಅಂದರೆ ಎಂಟು ಹತ್ತು ಕಿಲೋಮೀಟರ್ ಏರಿಳಿತ. ಪುಟ್ಟಿ ಹೊಡೆಯಲು ನಿಂತಾಗ ಹಿಂದೆ ನಿಂತು ಗುರಿ ನೋಡಿಕೊಡುವ ಚಾಳಿ ನಿನಗಿದೆ, 2019ರಿಂದ ಅದು ನಿಯಮಕ್ಕೆ ವಿರುದ್ಧ, ಎರಡು ಹೊಡೆತ ದಂಡ. ಆಟ ಶುರುವಾಗುವ ಮುಂಚೆ ಬ್ಯಾಗಿನಲ್ಲಿರುವ ಕ್ಲಬ್ (ಚೆಂಡು ಹೊಡೆಯುವ ಕೋಲು) ಎಣಿಸಬೇಕು, 14ಕ್ಕಿಂತ ಒಂದು ಹೆಚ್ಚಿದ್ದರೂ ಹೋಲ್‌ಗೆ ಎರಡರಂತೆ ಸುತ್ತಿಗೆ ನಾಲ್ಕರವರೆಗೆ ದಂಡ. ಅಭ್ಯಾಸಕ್ಕೆ ತಂದ ಕ್ಲಬ್ ಬ್ಯಾಗಿನಲ್ಲೇ ಉಳಿದು ಹೀಗಾಗುವುದು ಜಾಸ್ತಿ. ಚೆಂಡನ್ನು ಗುಳಿಗೆ ಉರುಳಿಸುವ ಮುಂಚೆ ಪುಟ್ಟಿ ಮೂರು ಪ್ರದಕ್ಷಿಣೆ ಹಾಕುವುದನ್ನೂ ಬಿಡಿಸು. 2023ರಲ್ಲಿ ಫ್ರಾನ್ಸಿನ ಎವಿಯಾನ್ ಟೂರ್ನಿಯಲ್ಲಿ ಕಾರ್ಲೋಟಾ ಸಿಗಾಂಡಾಗೆ ನಿಧಾನದ ಆಟಕ್ಕೆ ಎರಡು ಹೊಡೆತ ದಂಡ ಹಾಕಿದರು. ಅದನ್ನು ಸೇರಿಸದೆ ಸ್ಕೋರ್‌ಕಾರ್ಡ್‌ಗೆ ಸಹಿ ಮಾಡಿದಳು, ಟೂರ್ನಿಯಿಂದಲೇ ಹೊರಗೆ.

ಹಾಗಾದರೆ ಏನು ಮಾಡೋದು ಅಂತೀಯ. ಎರಡು ವರ್ಷ ಅಮೆಚೂರ್ (ದುಡ್ಡಿಗೆ ಆಡದವಳು) ಆಗಿಯೇ ಇರಲಿ. ಏಷ್ಯಾ-ಪೆಸಿಫಿಕ್ ವಿಮೆನ್ಸ್ ಅಮೆಚೂರ್ ಗೆದ್ದವಳಿಗೆ ಎಐಜಿ ಓಪನ್, ಎವಿಯಾನ್ ಎಂಬ ಎರಡು ದೊಡ್ಡ ಟೂರ್ನಿಗೂ ಬಾಗಿಲು ತೆರೆಯುತ್ತೆ. ಇಲ್ಲಿನ ಕಾಲೇಜು ತಂಡಗಳು ಸ್ಕಾಲರ್‌ಶಿಪ್ ಕೊಡುತ್ತವೆ, ಪ್ರೊ ಆದ ಮೇಲೆ ಆ ದಾರಿ ಮುಚ್ಚಿತು. ಆಮೇಲೆ ಮೊದಲು ದೇಶದೊಳಗಿನ ಮಹಿಳಾ ಪ್ರೊ ಟೂರ್, ನಂತರ ಯುರೋಪಿನ ಟೂರ್‌ನ ಕ್ಯೂ-ಸ್ಕೂಲ್, ಅಂದರೆ ಅಲ್ಲಿನ ಕಾರ್ಡ್‌ಗಾಗಿ ನಡೆಯುವ ಅರ್ಹತಾ ಟೂರ್ನಿ. ಅದಿತಿ 2015ರ ಡಿಸೆಂಬರ್‌ನಲ್ಲಿ ಮೊರಾಕೋದಲ್ಲಿ ಅದನ್ನೇ ಗೆದ್ದು, ಮುಂದಿನ ನವೆಂಬರ್‌ನಲ್ಲಿ ಇಂಡಿಯನ್ ಓಪನ್ ಗೆದ್ದದ್ದು. ನಮ್ಮೂರಿನ ಪ್ರಣವಿ ಅರಸ್ ಆಡುತ್ತಿರುವುದೂ ಆ ಯುರೋಪಿನ ಟೂರ್‌ನಲ್ಲೇ. ಅಲ್ಲಿ ಹೆಚ್ಚಿನ ವಾರ ಬಹುಮಾನವೇ 3 ಲಕ್ಷ ಯೂರೋ ಸುತ್ತಮುತ್ತ, ಕಟ್ ದಾಟಿ ಕೆಳಗೆ ಮುಗಿಸಿದವರಿಗೆ ಸಾವಿರ ಯೂರೋ ಸಿಕ್ಕರೆ ಹೆಚ್ಚು. ವೀಸಾ ಇನ್ನೊಂದು ತಲೆನೋವು. ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಮಾತ್ರ. ಮೇ ತಿಂಗಳಲ್ಲಿ ಅಭ್ಯಾಸಕ್ಕೆ ಅಂತ ಅಲ್ಲೇ ಕೂತರೆ ಆಗಸ್ಟ್ ಹೊತ್ತಿಗೆ ದಿನ ಖಾಲಿ. ಬ್ರಿಟನ್‌ಗೆ ವೀಸಾ ಬೇರೆ.

ಪುಟ್ಟಿಯ ಕ್ಲಬ್‌ಗಳನ್ನು ಎಲ್ಲಿಗಾದರೂ ಕಳಿಸುವಾಗ ಗಟ್ಟಿ ಡಬ್ಬಿಯಲ್ಲೇ ಕಳಿಸು. ಡ್ರೈವರ್ ಅನ್ನುವ ಉದ್ದನೆ ಕ್ಲಬ್ಬಿನ ತಲೆ ಬಿಚ್ಚಿ ಟವೆಲ್ ಸುತ್ತಿ, ಎಲ್ಲಕ್ಕಿಂತ ಉದ್ದದ ಕ್ಲಬ್ಬಿಗಿಂತ ಎತ್ತರದ ಒಂದು ಕೋಲು ನಡುವೆ ನಿಲ್ಲಿಸು. ಡಬ್ಬಿ ತಲೆಕೆಳಗಾಗಿ ಬಿದ್ದರೆ ಪೆಟ್ಟು ಕೋಲಿಗೆ ಬೀಳುತ್ತೆ, ಶಾಫ್ಟ್ ಕುತ್ತಿಗೆ ಮುರಿಯಲ್ಲ.

ಅಮ್ಮ ಮದುವೆ ವಿಷಯ ಕೇಳಿದ್ದಾರಂತೆ, ಬಿಸಿಲಲ್ಲಿ ಕಪ್ಪಾಗುತ್ತಾಳೆ ಅಂತ. ಮದುವೆಯಾಗಿ ಮಕ್ಕಳಿರುವವರೂ ಇಲ್ಲಿ ಆಡುತ್ತಾರೆ ಅಂತ ಹೇಳು. 1993ರಿಂದ ಟೂರ್ ಜೊತೆಗೇ ಒಂದು ಶಿಶುವಿಹಾರ ಊರೂರು ತಿರುಗುತ್ತೆ, ತಾಯಿ ಆಡುವಾಗ ಮಗು ಅಲ್ಲಿ. ನಮ್ಮ ಯಾವ ಆಫೀಸಿನಲ್ಲಿದೆ ಹೇಳು! ಚಿಕ್ಕ ಟೂರ್ನಿಗಳಿಗೆ ಬರುವ ಹುಡುಗಿಯರನ್ನು ಊರಿನವರೇ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುತ್ತಾರೆ, ಪೂರ್ತಿ ನಮ್ಮ ವಾರಾನ್ನದ ಥರ. ಹೌದು, ಇಲ್ಲಿನ ಕೋರ್ಸುಗಳ ಕೆರೆ ದಡದಲ್ಲಿ ಮೊಸಳೆ ಜಾತಿಯವು ಬಿಸಿಲು ಕಾಯುತ್ತವೆ. ಹತ್ತಿರ ಹೋಗದಿದ್ದರೆ ಏನೂ ಮಾಡುವುದಿಲ್ಲ. ಇದನ್ನು ಅಮ್ಮನಿಗೆ ಓದಬೇಡ.

ಬ್ರೋಕರ್ ಹತ್ತಿರ ಅಡ್ವಾನ್ಸ್ ಇಸಕೊಂಡಿದ್ದರೆ ಈ ವಾರವೇ ವಾಪಸ್ ಕೊಟ್ಟುಬಿಡು. ನನ್ನ ಬಗ್ಗೆ ಏನೇನೂ ಯೋಚನೆ ಬೇಡ, ಆರಾಮಾಗಿದ್ದೇನೆ. ಪುಟ್ಟಿಯ ಕಳೆದ ಹತ್ತು ಸ್ಕೋರ್‌ಕಾರ್ಡ್‌ಗಳ ಫೋಟೋ ಕಳಿಸು, ಗೆದ್ದದ್ದು ಮಾತ್ರ ಅಲ್ಲ, ಎಲ್ಲವೂ. ಹೊತ್ತಾಯಿತು, ಹೊರಟೆ.

ನಿನ್ನ ತಂಗಿ